ಹಿಮದಲ್ಲಿ ನಿಂತ ರೈಲು, ಐದು ನಿಮಿಷಕ್ಕೊಂದು ಸೀಟಿ

ಪುಣೆ

ರೈಲು ನಿಲ್ಲಿಸುವುದು ನನ್ನ ಹೊಟ್ಟೆಪಾಡು. ಪುಣೆಯಿಂದ ಮಿರಜಿನ ಕಡೆಗೆ ಹೋಗುವ ಒಂಟಿ ಹಳಿಯ ದಾರಿಯಲ್ಲಿ ಒಂದು ಸಣ್ಣ ಸ್ಟೇಶನ್ನಿಗೆ ನಾನು ಅಸಿಸ್ಟೆಂಟ್ ಮಾಸ್ತರ. ಹದಿನಾರು ವರ್ಷಗಳಲ್ಲಿ ಎಮ್ಮೆಗಾಗಿ ರೈಲು ನಿಲ್ಲಿಸಿದ್ದೇನೆ, ಮಳೆಗಾಲದಲ್ಲಿ ಘಾಟಿನಿಂದ ಉರುಳಿದ ಬಂಡೆಗಾಗಿ ನಿಲ್ಲಿಸಿದ್ದೇನೆ, ಬೀಗರ ಊಟ ಇನ್ನೂ ಮುಗಿದಿಲ್ಲವೆಂದು ಕೈಮುಗಿದು ನಿಂತ ಒಬ್ಬ ಮಾಮಲೇದಾರರಿಗಾಗಿಯೂ ಎರಡು ನಿಮಿಷ ತಡೆದಿದ್ದೇನೆ. ಆದರೆ ಸದ್ದಿಲ್ಲದೆ ಉದುರುವ ಬಿಳಿ ಹಿಟ್ಟು ಒಂದು ರೈಲನ್ನು ದಿನವಿಡೀ ನಿಲ್ಲಿಸಬಲ್ಲದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಪುಣೆಯಲ್ಲಿ ನಾವು ಕಂಡ ಬರ್ಫ ಅಂದರೆ ಮಂಡಯಿ ಮಾರುಕಟ್ಟೆಯ ಹತ್ತಿರ ಕಟ್ಟಿಗೆಯ ಪುಡಿಯಲ್ಲಿ ಹೂತಿಟ್ಟು ಮಾರುವ ಗಡ್ಡೆ. ಶರಬತ್ತಿಗೆಂದು ಮನೆಗೆ ಒಯ್ಯುವಷ್ಟರಲ್ಲಿ ಅದರ ಅರ್ಧ ರಸ್ತೆಯ ಪಾಲಾಗಿರುತ್ತದೆ.

ಮಹಾಯುದ್ಧ ಮುಗಿದ ಮೇಲಿನ ಎರಡನೆಯ ಚಳಿಗಾಲ. ಸಿಗ್ನಲ್ಲಿನ ಕೆಲಸವನ್ನು ಹತ್ತಿರದಿಂದ ನೋಡಿ ಕಲಿತು ಬರಲಿ ಎಂದು ನಮ್ಮ ವಿಭಾಗದಿಂದ ಇಬ್ಬರನ್ನು ಆರು ತಿಂಗಳಿಗೆ ವಿಲಾಯತಿಗೆ ಕಳಿಸಿದರು. ಒಬ್ಬ ನಾನು. ಇನ್ನೊಬ್ಬರು ಪುಣೆಯ ಯಾರ್ಡಿನ ಹಣಮಂತರಾಯರು. ಬೆಳಗಾವಿಯವರು, ನನಗಿಂತ ಹತ್ತು ವರ್ಷ ಹಿರಿಯರು, ಗಣೇಶನ ಹಬ್ಬ ಮುಗಿದ ಮರುದಿನವೇ ಕೊರಳಿಗೆ ಮಫ್ಲರ್ ಸುತ್ತುವ ಜಾತಿ. ಅವರನ್ನು ಯಾರು, ಯಾಕೆ ಆರಿಸಿದರೋ ದೇವರಿಗೇ ಗೊತ್ತು.

ಹೊರಡುವ ದಿನ ನನ್ನ ಹೆಂಡತಿ ಧನಕವಡಿಯ ಕುರಿ ಕಾಯುವ ಧನಗರರಿಂದ ಕೊಂಡು ತಂದ ಕಂಬಳಿಯನ್ನು ಟ್ರಂಕಿನಲ್ಲಿ ಒತ್ತಿ ಇಡುತ್ತ, "ಅಲ್ಲಿ ಹೋಗಿ ಕಂಡಿದ್ದಕ್ಕೆಲ್ಲಾ ಮೂಗು ತೂರಸಬ್ಯಾಡ್ರಿ. ಪರ ಊರು, ಪರ ಮಂದಿ," ಎಂದಳು.

"ಮೂಗು ತೂರಸಲಿಕ್ಕಂತನ ನನ್ನ ಕಳಸಲಿಕ್ಕ ಹತ್ಯಾರ," ಎಂದೆ.

"ಹಂಗಾರ ಆ ಮೂಗಿಗೂ ಒಂದು ಟೊಪಗಿ ಹೊಲಸಬೇಕಿತ್ತು," ಎಂದು ಟ್ರಂಕಿನ ಮುಚ್ಚಳ ಹಾಕಿದಳು.

ಲಂಡನ್ನಿನಿಂದ ಉತ್ತರಕ್ಕೆ

ಹಡಗಿನ ಮಾತು ಬೇಡ. ಹಣಮಂತರಾಯರ ಹೊಟ್ಟೆಯ ವರ್ಣನೆಯನ್ನು ಬಿಟ್ಟರೆ ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಆ ದೇಶದ ಮಂದಿ ರೈಲಿನಲ್ಲಿ ಮಾತಾಡುವುದಿಲ್ಲ. ಇದನ್ನು ಕೇಳಿದ್ದೆ, ನಂಬಿರಲಿಲ್ಲ. ನಮ್ಮ ಡಬ್ಬಿಗಳಲ್ಲಿ ಪುಣೆ ಬಿಟ್ಟು ಹಡಪಸರ ದಾಟುವುದರೊಳಗೆ ಎದುರಿನವರ ಊರು, ಮನೆತನ, ಮಕ್ಕಳೆಷ್ಟು, ಸಂಬಳವೆಷ್ಟು ಎಲ್ಲ ತಿಳಿದಿರುತ್ತದೆ. ಇಲ್ಲಿ ಹಣಮಂತರಾಯರು ಎದುರಿನ ಒಬ್ಬ ಸಭ್ಯಸ್ಥರನ್ನು ತಮ್ಮ ಸೊಗಸಾದ ಇಂಗ್ಲಿಷಿನಲ್ಲಿ "ತಮಗೆ ಮಕ್ಕಳೆಷ್ಟು?" ಎಂದು ಕೇಳಿದರು. ಆತ "ಇಬ್ಬರು" ಎಂದು ಹೇಳಿ, ಕಳ್ಳತನ ಒಪ್ಪಿಕೊಂಡವನ ಹಾಗೆ ಕೆಂಪಾಗಿ, ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿಬಿಟ್ಟ. ಮುಂದಿನ ಅರವತ್ತು ಮೈಲಿ ನಾವು ಆ ಪತ್ರಿಕೆಯ ಹಿಂಬದಿಯ ಜಾಹೀರಾತು ಓದುತ್ತ ಕೂತೆವು.

ಆದರೆ ಹವೆಯ ಬಗ್ಗೆ ಕೇಳಿದರೆ ಸಾಕು, ಪತ್ರಿಕೆ ಕೆಳಗಿಳಿಯುತ್ತದೆ. ಆ ವರ್ಷ ಹವೆಗೆ ಹೇಳಿಕೊಳ್ಳುವಷ್ಟು ದೊಡ್ಡಸ್ತಿಕೆ ಇತ್ತು. ಎಷ್ಟೋ ವಾರಗಳಿಂದ ಹಿಮ ಬೀಳುತ್ತಿತ್ತು. ಕಲ್ಲಿದ್ದಲಿನ ಗಾಡಿಗಳು ದಾರಿಯಲ್ಲೇ ಹೂತು ನಿಂತು ಊರುಗಳಲ್ಲಿ ಬೆಂಕಿಗೆ ಬರ ಬಂದಿತ್ತು. ರೊಟ್ಟಿಗೂ ರೇಶನ್ನು, ಬೆಚ್ಚಗಿರುವುದಕ್ಕೂ ರೇಶನ್ನು. ಸ್ಟೇಶನ್ನುಗಳ ಕರಿಹಲಗೆಯ ಮೇಲೆ ರೈಲು ಎಷ್ಟು ತಡವೆಂದು ಮೊದಲು ಬರೆಯುತ್ತಿದ್ದರಂತೆ. ನಾವು ಹೋಗುವ ಹೊತ್ತಿಗೆ ಬರೆಯುವುದನ್ನು ಬಿಟ್ಟಿದ್ದರು. ಒಂದು ಕಡೆಯಂತೂ ಹಲಗೆಯನ್ನೇ ಒಳಗೆ ಒಯ್ದು ಇಟ್ಟಿದ್ದರು. ನಮ್ಮಲ್ಲಿ ಹೀಗಾಗಿದ್ದರೆ ಮಾಸ್ತರನ ಕೋಣೆಯ ಬಾಗಿಲು ಉಳಿಯುತ್ತಿರಲಿಲ್ಲ. ಇಲ್ಲಿ ಮಂದಿ ಬರಿಯ ಗೋಡೆಯನ್ನು ನೋಡಿ, ತಲೆಯಾಡಿಸಿ, ಸಾಲಾಗಿ ನಿಲ್ಲುತ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಉತ್ತರದ ಗುಡ್ಡಗಾಡಿನವರ ಇಂಗ್ಲಿಷಿಗೂ ಲಂಡನ್ನಿನ ಇಂಗ್ಲಿಷಿಗೂ ನಮ್ಮ ಧಾರವಾಡಕ್ಕೂ ಮೈಸೂರಿಗೂ ಇರುವಷ್ಟೇ ದೂರ. ಶಬ್ದಗಳನ್ನು ಅರ್ಧ ನುಂಗಿ, ಉಳಿದರ್ಧವನ್ನು ಗಟ್ಟಿಯಾಗಿ ಎಸೆಯುತ್ತಾರೆ. ಅವರ ಮಾತನ್ನು ಪುಸ್ತಕದ ಕನ್ನಡದಲ್ಲಿ ಬರೆದರೆ ಅವರಿಗೇ ಅನ್ಯಾಯ. ಆದ್ದರಿಂದ ಅವರನ್ನು ನಮ್ಮ ಮನೆಯ ಕನ್ನಡದಲ್ಲೇ ಮಾತಾಡಿಸುತ್ತೇನೆ.

ಜಂಕ್ಷನ್

ಮುಖ್ಯ ಹಳಿಯಿಂದ ಗುಡ್ಡದೊಳಗೆ ಒಂದು ಕವಲು ಹಳಿ ಹೋಗುತ್ತದೆ. ಅದರ ಕೊನೆಯ ಊರಿನಲ್ಲಿ ಹಳೆಯ ಕಾಲದ ಒಂದು ಸಿಗ್ನಲ್ ಕ್ಯಾಬಿನ್ನನ್ನು ನಾವು ನೋಡಬೇಕಿತ್ತು. ಜಂಕ್ಷನ್ನಿನಲ್ಲಿ ಇಳಿದಾಗ ಬೆಳಿಗ್ಗೆ ಒಂಬತ್ತು. ಮೊಣಕಾಲುದ್ದ ಹಿಮದಲ್ಲಿ ಹತ್ತಿಪ್ಪತ್ತು ಜನ ಕಸಬರಿಗೆ ಹಿಡಿದು ಹಳಿ ಗುಡಿಸುತ್ತಿದ್ದರು. ಹಳಿ ಬದಲಿಸುವ ಕಡೆ ಎರಡು ಕಬ್ಬಿಣಗಳ ನಡುವೆ ಹಿಮ ಹೊಕ್ಕು ಗಟ್ಟಿಯಾದರೆ ಕ್ಯಾಬಿನ್ನಿನವನು ಲಿವರ್ ಎಳೆದರೂ ಹಳಿ ಕೂಡುವುದಿಲ್ಲ. ಅದಕ್ಕಾಗಿ ಉಪ್ಪು ಸುರಿದು, ಹಳಿಯ ಕೆಳಗೆ ಸಣ್ಣ ದೀಪಗಳನ್ನು ಹಚ್ಚಿಟ್ಟಿದ್ದರು. "ಇಲ್ಲಿ ಹಳಿಗೂ ದೀಪಾವಳಿ ಅದಲ್ರೀ ಶೀನಪ್ಪ," ಎಂದರು ಹಣಮಂತರಾಯರು. ತೊಟ್ಟ ಎರಡು ಕೋಟು, ತಲೆಗೆ ಸುತ್ತಿದ ಧೋತರ, ಅದರ ಮೇಲೆ ಮಫ್ಲರ್ ಇವುಗಳ ಒಳಗಿನಿಂದ ಮಾತು ಬರುತ್ತಿತ್ತು. ಮುಖ ಕಾಣುತ್ತಿರಲಿಲ್ಲ.

ನಮ್ಮ ರೈಲು ಸಿದ್ಧವಾಗಿ ನಿಂತಿತ್ತು. ಒಂದು ಎಂಜಿನ್, ಮೂರು ಡಬ್ಬಿ, ಹಿಂದೆ ಗಾರ್ಡನ ವ್ಯಾನು. ಎಂಜಿನ್ನಿಗೆ ನೀರು ತುಂಬಿಸುವ ಕಂಬದ ಬುಡದಲ್ಲಿ ಒಂದು ಅಗ್ಗಿಷ್ಟಿಕೆ ಇತ್ತು. ಅದರ ಬೆಂಕಿ ಆರಿಹೋಗಿ ಕೊಳವೆಯೊಳಗಿನ ನೀರು ಕಲ್ಲಾಗಿತ್ತು. ಫೈರ್‌ಮನ್ ಹ್ಯಾರಿ, ನಲವತ್ತು ದಾಟಿದ ಬೋಳುತಲೆಯವನು, ಕಂಬಕ್ಕೆ ಎರಡು ಸಲ ಒದ್ದು, "ಎಂಜಿನ್ ತೊಟ್ಟಿಯೊಳಗ ಅರ್ಧ ನೀರು ಅದ. ಆತು, ಹೋಗೋಣು," ಎಂದ.

ಆಗ ನಾನು ಒಂದು ವಿಶೇಷ ಕಂಡೆ. ಗಾಡಿ ಬಿಡುವ ಮೊದಲು ಎಷ್ಟು ಡಬ್ಬಿ, ಎಷ್ಟು ಭಾರ ಎಂದು ಗಾರ್ಡು ಡ್ರೈವರನಿಗೆ ಹೇಳಬೇಕು. ಇದು ಅಲ್ಲಿಯೂ ನಿಯಮ, ನಮ್ಮಲ್ಲಿಯೂ ನಿಯಮ. ನಮ್ಮಲ್ಲಿ ಗಾರ್ಡು ಪ್ಲಾಟ್‌ಫಾರ್ಮಿನ ಆ ತುದಿಯಿಂದಲೇ ಕೂಗುತ್ತಾನೆ, ಡ್ರೈವರ್ ಕೇಳದಿದ್ದರೂ ಕೈಯೆತ್ತುತ್ತಾನೆ. ಇಲ್ಲಿಯ ಗಾರ್ಡು, ಆಲ್ಬರ್ಟ್ ಎಂಬ ಬಿಳಿ ಮೀಸೆಯ ಎತ್ತರದ ಮನುಷ್ಯ, ಒಂದು ಸಣ್ಣ ಪಾಟಿಯ ಮೇಲೆ ಬಳಪದಿಂದ ಅಚ್ಚುಕಟ್ಟಾಗಿ ಬರೆದು ಹ್ಯಾರಿಯ ಕೈಗೆ ಕೊಟ್ಟ. ಹ್ಯಾರಿ ಅದನ್ನು ಒಯ್ದು ಡ್ರೈವರ್ ಟಾಮನಿಗೆ ತೋರಿಸಿದ. ಟಾಮ್ ಓದಿ, ತಲೆಯಾಡಿಸಿ, ಒರೆಸಿ ಹಿಂದಿರುಗಿಸಿದ. ಒಂದು ಮಾತಿಲ್ಲ, ಒಂದು ಕೂಗಿಲ್ಲ.

ನಾನು ಕೂಡಲೇ ಟಿಪ್ಪಣಿ ಪುಸ್ತಕ ತೆಗೆದೆ. "ಈ ದೇಶದಲ್ಲಿ ಗಾರ್ಡು ಮತ್ತು ಡ್ರೈವರರ ನಡುವಿನ ವ್ಯವಹಾರ ಲಿಖಿತವಾಗಿ ನಡೆಯುತ್ತದೆ. ತಪ್ಪಿಗೆ ಎಡೆಯಿಲ್ಲ. ನಮ್ಮ ವಿಭಾಗದಲ್ಲಿ ಪ್ರತಿ ಗಾರ್ಡಿಗೂ ಒಂದು ಪಾಟಿ ಒದಗಿಸುವುದು ಉತ್ತಮ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಹಣಮಂತರಾಯರಿಗೂ ತೋರಿಸಿದೆ. "ಇದಕ್ಕ ನೋಡ್ರಿ ಇವರು ರಾಜ್ಯ ಆಳಿದ್ದು," ಎಂದರು ಅವರು.

ಗುಡ್ಡದ ಕೊರಕಲು, ಬೆಳಿಗ್ಗೆ ಹನ್ನೊಂದು

ಡಬ್ಬಿಯ ನಮ್ಮ ಕೋಣೆಯಲ್ಲಿ ನಾವಿಬ್ಬರಲ್ಲದೆ ಇನ್ನಿಬ್ಬರಿದ್ದರು. ಮಡಿಲಲ್ಲಿ ಮುಚ್ಚಿದ ಬುಟ್ಟಿ ಇಟ್ಟುಕೊಂಡ ಒಬ್ಬ ಮುದುಕಿ ಮತ್ತು ಪತ್ರಿಕೆ ಹಿಡಿದ ಒಬ್ಬರು. ಬುಟ್ಟಿಯಲ್ಲಿ ಜೀವಂತ ಕೋಳಿ ಇತ್ತು. ಪತ್ರಿಕೆಯ ಹಿಂದೆ ಇದ್ದವರ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ.

ರೈಲು ಒಂದು ಸ್ಟೇಶನ್ ದಾಟಿ ಏರುತ್ತ ಹೊರಟಿತು. ಗುಡ್ಡವನ್ನು ಕಡಿದು ಮಾಡಿದ ಓಣಿಯಂಥ ಕೊರಕಲಿನೊಳಗೆ ಹೊಕ್ಕಿತು. ಎರಡೂ ಕಡೆ ಬಂಡೆ, ಮೇಲೆ ಬೂದುಬಣ್ಣದ ಆಕಾಶ. ಅಷ್ಟರಲ್ಲಿ ಗಾಳಿ ಎದ್ದಿತು. ನೋಡನೋಡುತ್ತ ಗಾಡಿ ಮೆತ್ತಗಾಗಿ, ಎರಡು ಸಲ ಮುಗ್ಗರಿಸಿ, ನಿಂತೇಬಿಟ್ಟಿತು. ಡಿಕ್ಕಿ ಹೊಡೆದ ಸದ್ದಿಲ್ಲ, ಏನಿಲ್ಲ. ಹಿಂದೆ ಸರಿಯಲು ಟಾಮ್ ಪ್ರಯತ್ನಿಸಿದ. ಗಾಳಿ ಆಗಲೇ ನಮ್ಮ ಹಿಂದೆಯೂ ಹಿಮವನ್ನು ತಂದು ಗುಡ್ಡೆ ಹಾಕಿತ್ತು.

ನಮ್ಮಲ್ಲಿ ರೈಲು ನಡುದಾರಿಯಲ್ಲಿ ನಿಂತರೆ ಎಲ್ಲರೂ ಇಳಿಯುತ್ತಾರೆ. ಅರ್ಧ ಜನ ಎಂಜಿನ್ನಿನ ಹತ್ತಿರ ಹೋಗಿ ಡ್ರೈವರನಿಗೆ ಉಪದೇಶ ಮಾಡುತ್ತಾರೆ, ಉಳಿದವರು ಮರ ಹುಡುಕುತ್ತಾರೆ. ಅದೇ ರೂಢಿಯಲ್ಲಿ ನಾನು ಬಾಗಿಲು ತೆರೆದು, ಕಂಬಳಿ ಹೊದ್ದು, ನೆಲ ಇರಬೇಕಾದ ಕಡೆ ಕಾಲಿಟ್ಟೆ. ನೆಲ ಇರಲಿಲ್ಲ. ಎದೆಯ ತನಕ ಒಳಗೆ ಹೋದೆ. ಹಿಮ ಕೊರಳಪಟ್ಟಿಯೊಳಗೆ, ತೋಳಿನೊಳಗೆ, ಬಾಯೊಳಗೆ ಸೇರಿತು. ಅದಕ್ಕೆ ಏನೂ ರುಚಿಯಿಲ್ಲ ಎಂಬುದನ್ನು ಓದುಗರ ಮಾಹಿತಿಗಾಗಿ ದಾಖಲಿಸುತ್ತೇನೆ.

ಹಿಂದಿನಿಂದ ಗಾರ್ಡ್ ಆಲ್ಬರ್ಟ್ ಹಳಿಗುಂಟ ಬಂದು ನನ್ನ ಕಂಬಳಿಯ ತುದಿ ಹಿಡಿದು ಎತ್ತಿದ. "ಡಬ್ಬಿ ಮಗ್ಗಲಕ ಗಾಳಿ ಗುಡ್ಡಿ ಹಾಕಿರ್ತದ್ರಿ. ಗಾಲಿ ಸನಿಹನ ನಡೀಬೇಕು. ಯಾವ ಊರಿನವರು?" ಎಂದ.

"ಪುಣೆ. ನಾನೂ ರೈಲ್ವೆಯವನ," ಎಂದೆ, ಹಲ್ಲು ಕಡಿಯುತ್ತ.

"ಹಂಗಾರ ಗೊತ್ತದ ನಿಮಗ. ನಾ ಹಿಂದಿನ ಸ್ಟೇಶನ್ನಿಗೆ ನಡಕೋತ ಹೋಗಬೇಕು. ಮೂರು ಮೈಲಿ. ಮೂರು ಗಂಟೆ ಅನ್ನೂದರಾಗ ತಿರುಗಿ ಬರ್ತೀನಿ. ಹಂಗಂತ ಪಾಟಿ ಮ್ಯಾಲೆ ಬರದು ಫೈರ್‌ಮನ್ ಕೈಯಾಗೂ ಕೊಟ್ಟೀನಿ. ನಮ್ಮ ಮಂದೀನ್ನ ಒಳಗ ಕೂಡಸ್ರಿ."

ನನಗೆ ಗೊತ್ತಿತ್ತು. ಅವರ ನಿಯಮದ ಪುಸ್ತಕವೂ ನಮ್ಮದೂ ಒಂದೇ ತಾಯಿಯ ಮಕ್ಕಳು. ನಡುದಾರಿಯಲ್ಲಿ ರೈಲು ನಿಂತರೆ ಗಾರ್ಡು ಹಿಂದಕ್ಕೆ ಹೋಗಿ ಹಳಿಯ ಮೇಲೆ ಪಟಾಕಿ ಕಟ್ಟಬೇಕು. ಬರುವ ಎಂಜಿನ್ನಿನ ಗಾಲಿಗೆ ಅದು ಸಿಕ್ಕು ಸಿಡಿದರೆ ಆ ಡ್ರೈವರ್ ಎಚ್ಚರಗೊಂಡು ನಿಲ್ಲಿಸುತ್ತಾನೆ. ಆಮೇಲೆ ಹಿಂದಿನ ಸ್ಟೇಶನ್ನಿಗೆ ಹೋಗಿ ಸಹಾಯ ಕೇಳಬೇಕು. ಕೇಳಿದ ಮೇಲೆ ನಿಂತ ರೈಲು ಒಂದು ಅಡಿಯೂ ಕದಲಬಾರದು, ಡ್ರೈವರ್ ಎಂಜಿನ್ ಬಿಟ್ಟು ಹೋಗಬಾರದು. ಘಾಟಿನ ಮಳೆಯಲ್ಲಿ ನಮ್ಮ ಗಾರ್ಡುಗಳು ಹೀಗೆ ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಮಳೆಯಲ್ಲಿ ಹಳಿ ಕಾಣುತ್ತದೆ. ಆಲ್ಬರ್ಟ್ ದೀಪ ಹಿಡಿದು ಹೊರಟ ನಾಲ್ಕು ನಿಮಿಷಕ್ಕೆ ಹಳಿಯೂ ಕಾಣಲಿಲ್ಲ, ಅವನೂ ಕಾಣಲಿಲ್ಲ.

ಅದೇ ಕೊರಕಲು, ಮಧ್ಯಾಹ್ನ ಎರಡು

ಎಂಜಿನ್ನಿನ ಉಗಿ ಕೊಳವೆಯ ಮೂಲಕ ಡಬ್ಬಿಗಳ ಸೀಟಿನ ಕೆಳಗೆ ಹರಿದು ಕೂತವರನ್ನು ಬೆಚ್ಚಗಿಡುವುದು ಆ ದೇಶದ ಪದ್ಧತಿ. ಹನ್ನೆರಡಕ್ಕೆ ಅದು ತಣ್ಣಗಾಗತೊಡಗಿತು. ಎರಡಕ್ಕೆ ಪೂರಾ ತಣ್ಣಗಾಯಿತು. ಕಿಟಕಿಯ ಗಾಜಿನ ಒಳಬದಿಗೇ ಬಿಳಿ ಪೊರೆ ಕಟ್ಟಿತು. ನಾನು ಬುತ್ತಿಯ ಡಬ್ಬಿ ತೆಗೆದು ಶೇಂಗಾ ಉಂಡಿ ಹಂಚಿದೆ. ಮುದುಕಿ ಒಂದು ತಿಂದು, ಅರ್ಧ ಉಂಡಿಯನ್ನು ಕೋಳಿಗೆ ಕೊಟ್ಟಳು. ಅವಳ ಮಗಳ ಊರಿನಲ್ಲಿ ಮೊಟ್ಟೆಗೆ ಭಾರಿ ಬೇಡಿಕೆಯಂತೆ. ಈ ಕೋಳಿಯನ್ನು ಮಗಳ ಮನೆಗೆ ಒಯ್ಯುತ್ತಿದ್ದಳು.

"ನೀವು ಇನ್ನ ಸ್ವಲ್ಪ ದಿನಕ್ಕ ನಮ್ಮನ್ನ ನಿಮ್ಮ ದೇಶದಿಂದ ಕಳಸ್ತೀರಂತಲ್ಲ?" ಎಂದು ಕೇಳಿದಳು.

"ಹೌದ್ರಿ ಅಜ್ಜಿ."

"ಛಲೋ ಆತು ಬಿಡ್ರಿ. ನನ್ನ ಮೊಮ್ಮಗ ಅಲ್ಲೇ ದಂಡಿನೊಳಗ ಇದ್ದಾನ. ಮನಿಗೆ ಬರ್ತಾನ," ಎಂದಳು. ಇಷ್ಟು ಸರಳವಾಗಿ ಈ ಪ್ರಶ್ನೆಯನ್ನು ಯಾರಾದರೂ ಬಗೆಹರಿಸಿದ್ದನ್ನು ನಾನು ಕೇಳಿರಲಿಲ್ಲ.

ಈ ಹೊತ್ತೆಲ್ಲ ನನ್ನ ಕಿವಿ ಇನ್ನೊಂದು ಕಡೆ ಇತ್ತು. ಎಂಜಿನ್ ಆಗಾಗ ಒಂದು ಉದ್ದನೆಯ ಸೀಟಿ ಊದುತ್ತಿತ್ತು. ಗಡಿಯಾರ ಹಿಡಿದು ನೋಡಿದೆ. ಸರಿಯಾಗಿ ಐದು ನಿಮಿಷಕ್ಕೊಮ್ಮೆ. ಇದು ಯಾವ ನಿಯಮ ಎಂದು ನೆನಪಿನ ಪುಸ್ತಕ ತಿರುವಿದೆ, ಸಿಗಲಿಲ್ಲ. ಟಿಪ್ಪಣಿಯಲ್ಲಿ ಬರೆದುಕೊಂಡು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಹಣಮಂತರಾಯರ ತುಟಿ ನೀಲಿಯಾಗಿತ್ತು. "ಶೀನಪ್ಪ, ನಾ ಇಲ್ಲೇ ಗೊಟಕ್ ಅಂದ್ರ ಬೆಳಗಾಂವಿಗೆ ತಾರ ಮಾಡ್ರಿ," ಎಂದರು. ನಾನು ಎದ್ದೆ. ರೈಲ್ವೆಯವನಾಗಿ ಇಷ್ಟೂ ಮಾಡದಿದ್ದರೆ ಹೇಗೆ? ಗಾಲಿಗಳಿಗೆ ಅಂಟಿಕೊಂಡು ಎಂಜಿನ್ನಿನ ತನಕ ನಡೆದೆ.

ಟಾಮ್ ಕುಳ್ಳ, ಗಿಡ್ಡ ಕುತ್ತಿಗೆಯ ಮನುಷ್ಯ. ಒಂದು ಕೈ ಸೀಟಿಯ ಸರಪಳಿಯ ಮೇಲೆ, ಇನ್ನೊಂದು ಕೈಯಲ್ಲಿ ಗಡಿಯಾರ. "ಡಬ್ಬಿಯೊಳಗ ಭಾಳ ಥಂಡಿ ಅದ್ರಿ. ಸ್ವಲ್ಪ ಉಗಿ ಬಿಟ್ರ ಮಂದಿಗೆ ಉಪಕಾರ ಆಗ್ತದ," ಎಂದೆ. ಹ್ಯಾರಿ ಏನೋ ಹೇಳಲು ಬಾಯಿ ತೆರೆದ. ಟಾಮ್ ಕೈಯೆತ್ತಿ ಅವನನ್ನು ತಡೆದು, ನನ್ನನ್ನು ಒಂದು ಗಳಿಗೆ ನೋಡಿ, ಒಂದು ಚಕ್ರ ತಿರುಗಿಸಿದ.

ನಾನು ಡಬ್ಬಿಗೆ ಬರುವಷ್ಟರಲ್ಲಿ ಕೊಳವೆ ಬೆಚ್ಚಗಾಗಿತ್ತು. ಪತ್ರಿಕೆಯವರು ಪತ್ರಿಕೆ ಇಳಿಸಿ "ಥ್ಯಾಂಕ್ ಯೂ" ಎಂದರು. ಪಕ್ಕದ ಕೋಣೆಯವರು ಗೋಡೆ ಬಡಿದು ವಂದಿಸಿದರು. ಪುಣೆಯ ಒಬ್ಬ ಅಸಿಸ್ಟೆಂಟ್ ಮಾಸ್ತರನ ಮಾತಿಗೆ ವಿಲಾಯತಿಯ ಎಂಜಿನ್ ಬಗ್ಗಿತಲ್ಲ ಎಂದು ಎದೆ ಉಬ್ಬಿಸಿಕೊಂಡು ಕೂತೆ.

ಅದೇ ಕೊರಕಲು, ಮೂರು ಗಂಟೆ

ಉಬ್ಬಿದ ಎದೆ ಬಹಳ ಹೊತ್ತು ಉಳಿಯಲಿಲ್ಲ. ಸೀಟಿಗಳ ನಡುವಿನ ಅಂತರ ಹತ್ತು ನಿಮಿಷವಾಗಿತ್ತು. ಒಮ್ಮೆ ಹನ್ನೆರಡಾಯಿತು. ಮೂರು ದಾಟಿತು, ಆಲ್ಬರ್ಟ್ ಬರಲಿಲ್ಲ. ತಡೆಯಲಾರದೆ ಮತ್ತೆ ಎಂಜಿನ್ನಿನ ಕಡೆ ಹೋದೆ. ಹ್ಯಾರಿ ಕೆಳಗಿಳಿದು ಗಾಲಿಯ ಹತ್ತಿರ ನಿಂತಿದ್ದ.

"ಈ ಸೀಟಿ ಯಾತರದು? ಮತ್ತ ಈಗ್ಯಾಕ ಕಡಿಮಿ ಆತು?" ಎಂದೆ.

ಹ್ಯಾರಿ ಮೇಲೆ ಟಾಮನ ಕಡೆ ನೋಡಿ, ದನಿ ತಗ್ಗಿಸಿದ. "ಅವರಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ ಆತು. ಗಾರ್ಡನ ಹೆಂಡತಿ ಟಾಮನ ತಂಗಿ. ಇವರಪ್ಪ ಸತ್ತಾಗ ಗ್ವಾಡಿ ಗಡಿಯಾರ ತಂಗಿ ಮನಿಗೆ ಹೋತು. ಅಷ್ಟ."

"ಮತ್ತ ಕೆಲಸ ಹೆಂಗ ನಡೀತದ?"

"ಬಾವುಟ ಬೀಸೂದು, ಸೀಟಿ ಊದೂದು ಮಾತಿನ ಲೆಕ್ಕಕ್ಕ ಬರಂಗಿಲ್ಲ. ಉಳಿದದ್ದು ಪಾಟಿ ಮ್ಯಾಲೆ ಬರದು ನನ್ನ ಕೈಯಾಗ ಕೊಡ್ತಾನ. ನಾ ಇವಂಗ ತೋರಸ್ತೀನಿ."

ಆ ಚಳಿಯಲ್ಲೂ ನನ್ನ ಕಿವಿ ಬಿಸಿಯಾದವು. ಎರಡು ಗೆರೆ ಎಳೆದು ನಾನು ಬರೆದುಕೊಂಡ ಆ ಮಹಾ ಸುಧಾರಣೆ ಭಾವ ಭಾವಮೈದುನರ ಜಗಳವಾಗಿತ್ತು! ಧಾರವಾಡದಲ್ಲಿ ನನ್ನ ಇಬ್ಬರು ಕಾಕಂದಿರು ಒಂದು ತಾಮ್ರದ ಹಂಡೆಗಾಗಿ ಮಾತು ಬಿಟ್ಟು, ಒಂದೇ ಮನೆಯಲ್ಲಿದ್ದು ಮಕ್ಕಳ ಬಾಯಿಂದ ವ್ಯವಹಾರ ನಡೆಸುತ್ತಿದ್ದರು. ಅದನ್ನು ಕಂಡು ಬೆಳೆದ ನಾನು ಇದನ್ನು ಗುರುತಿಸಬೇಕಿತ್ತು. ಬಿಳಿಯರು ಮಾಡಿದರೆಂದ ಮಾತ್ರಕ್ಕೆ ಅದರಲ್ಲೊಂದು ಶಿಸ್ತು ಕಂಡೆ.

"ಸೀಟಿ ಆಲ್ಬರ್ಟಗ," ಎಂದ ಹ್ಯಾರಿ. "ಈ ಗಾಳಿಯೊಳಗ ಕಣ್ಣು ಕಾಣಂಗಿಲ್ಲ. ಹಳಿ ಬಿಟ್ಟು ನಾಕು ಹೆಜ್ಜಿ ಆಚೆ ಹೋದ್ರ ಗುಡ್ಡದ ಮ್ಯಾಲೆ ಎತ್ತ ಬೇಕಾದತ್ತ ಹೋಗ್ಬಹುದು. ಸದ್ದಿನ ಜಾಡು ಹಿಡಕೊಂಡು ಬರಲಿ ಅಂತ ಊದಲಿಕ್ಕ ಹತ್ಯಾನ. ನೀರು ಮೊದಲ ಅರ್ಧ ಇತ್ತು. ಅದಕ್ಕ ಡಬ್ಬಿಗೆ ಉಗಿ ನಿಲ್ಲಿಸಿ ಸೀಟಿಗೆ ಇಟ್ಟಿದ್ದ. ನೀವು ಬಂದು ಕೇಳಿದ್ರಿ."

ನಾನು ಹ್ಯಾರಿಯ ತೋಳು ಹಿಡಿದೆ. "ಆಗೂದಿಲ್ಲ ಅನ್ನಬೇಕಿತ್ತಲ್ಲ! ಯಾಕ ಕೊಟ್ಟ?"

"ಡಬ್ಬಿಯೊಳಗ ಕೂತವರು ಗಾರ್ಡನ ಮಂದಿ. ಅವ ಇಲ್ಲದಾಗ ಅವನ ಮಂದಿ ನಡುಗಿದ್ರ, ಬಂದಮ್ಯಾಲೆ ಅವಂಗ ಏನ್ ಮಾರಿ ತೋರಸ್ಲಿ ಅಂತಾನ."

ನೀರು ತೀರಾ ಇಳಿದರೆ ಎಂಜಿನ್ನಿನ ಬೆಂಕಿ ಕೆಳಗೆ ಕೆಡವಲೇಬೇಕು, ಇಲ್ಲವಾದರೆ ಬಾಯ್ಲರ್ ಉಳಿಯುವುದಿಲ್ಲ. ಬೆಂಕಿ ಹೋದರೆ ಉಗಿಯಿಲ್ಲ, ಉಗಿಯಿಲ್ಲದಿದ್ದರೆ ಸೀಟಿಯಿಲ್ಲ. ಕತ್ತಲಾಗುವ ಹೊತ್ತಿಗೆ ಈ ಕೊರಕಲು ಸದ್ದಡಗಿ ಕೂತಿರುತ್ತದೆ, ಆಲ್ಬರ್ಟ್ ಅದರ ಪಕ್ಕದಲ್ಲೇ ಹಾದು ಹೋದರೂ ತಿಳಿಯುವುದಿಲ್ಲ. ನನ್ನನ್ನು ಹಿಮದಿಂದ ಕಿತ್ತೆಬ್ಬಿಸಿದ ಕೈ ಅವನದು. ನನಗೆ ಅಳು ಬಂತು. ಮುಚ್ಚಿಟ್ಟು ಪ್ರಯೋಜನವಿಲ್ಲ, ಬಂತು.

ಸುತ್ತ ನೋಡಿದೆ. ಎಲ್ಲಿ ನೋಡಿದರೂ ನೀರೇ ಬಿದ್ದಿತ್ತು. "ಇದನ್ನ ತೊಟ್ಟಿಗೆ ಹಾಕಿದ್ರ?" ಎಂದೆ.

"ಹತ್ತು ಬಕೀಟು ಹಾಕಿದ್ರ ಒಂದು ಬಕೀಟು ನೀರು ಆಗ್ತದ. ನಾವಿಬ್ಬರ ಇದ್ದೀವಿ," ಎಂದ ಹ್ಯಾರಿ.

"ಯಾರು ಹೇಳಿದ್ರು ಇಬ್ಬರ ಇದ್ದೀವಿ ಅಂತ?" ಎಂದು ನಾನು ಡಬ್ಬಿಗಳ ಕಡೆ ತಿರುಗಿದೆ.

ಆ ದೇಶದಲ್ಲಿ ಪರಿಚಯವಿಲ್ಲದವರ ಬಾಗಿಲು ಬಡಿಯುವುದು ಎಷ್ಟು ಅಸಭ್ಯವೋ ನನಗೆ ಗೊತ್ತಿತ್ತು. ಎಲ್ಲ ಬಾಗಿಲುಗಳನ್ನೂ ಬಡಿದೆ. ಉಗಿ ಕೇಳಿದ್ದು ನಾನೇ, ತಪ್ಪು ನನ್ನದೇ, ಈಗ ನಿಮ್ಮ ಗಾರ್ಡು ಹಾದಿ ತಪ್ಪಿದ್ದರೆ ಅವನಿಗೆ ಉಳಿದಿರುವುದು ಈ ಸೀಟಿ ಒಂದೇ ಎಂದು ಹೇಳಿದೆ. ಹೇಳಿ ಮುಗಿಸುವ ಮೊದಲೇ ಪತ್ರಿಕೆಯವರು ಪತ್ರಿಕೆ ಮಡಿಸಿ, ಸೀಟಿನ ಮೇಲಿಟ್ಟು, ತಮ್ಮ ಟೋಪಿ ತೆಗೆದು ಅದರೊಳಗೆ ಹಿಮ ತುಂಬತೊಡಗಿದರು. ಮುದುಕಿ ಕೋಳಿಯನ್ನು ಕೋಟಿನೊಳಗೆ ಸೇರಿಸಿ ಬುಟ್ಟಿ ಖಾಲಿ ಮಾಡಿ ಕೊಟ್ಟಳು. "ಆಲ್ಬರ್ಟ್ ನನಗ ಆರು ವರ್ಷದಿಂದ ಪ್ಯಾಟಿಯಿಂದ ಔಷಧ ತಂದು ಕೊಡ್ತಾನ, ಒಂದು ದಿನ ತಪ್ಪಿಸಿಲ್ಲ," ಎಂದಳು. ಅವರೆಲ್ಲರಿಗೂ ಆಲ್ಬರ್ಟ್ ಏನಾದರೊಂದು ತಂದುಕೊಡುವವನೇ. ಯಾರಿಗೋ ಬೂಟು, ಯಾರಿಗೋ ಪತ್ರ.

"ಉಗಿ ಬಂದ್ ಮಾಡಸ್ರಿ, ನಮಗ ಬ್ಯಾಡ," ಎಂದು ಒಬ್ಬರು ಕೂಗಿದರು. ಎಲ್ಲರೂ ಹೂಂಗುಟ್ಟಿದರು. ನಾನೇ ಹೋಗಿ ಟಾಮನಿಗೆ ಹೇಳಿದೆ. ಅವನು ಚಕ್ರ ತಿರುಗಿಸಿದ. ಮರುಗಳಿಗೆ ಸೀಟಿ ಕೂಗಿತು.

ಪುಣೆಯಲ್ಲಿ ಬೇಸಿಗೆಗೆ ನಳದ ನೀರು ನಿಂತಾಗ ನಮ್ಮ ಚಾಳಿನವರು ಬಾವಿಯಿಂದ ಮೂರನೆಯ ಮಾಳಿಗೆಯ ತನಕ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೊಡ ದಾಟಿಸುತ್ತೇವೆ. ಹಾಗೆಯೇ ನಿಲ್ಲಿಸಿದೆ. ಬಕೀಟು, ಬುಟ್ಟಿ, ಟೋಪಿಯ ಪೆಟ್ಟಿಗೆ, ಯಾರೋ ಮದುವೆಗೆಂದು ಒಯ್ಯುತ್ತಿದ್ದ ಹಿತ್ತಾಳೆಯ ಪಾತ್ರೆ, ನಮ್ಮ ಬುತ್ತಿಯ ಡಬ್ಬಿ, ಎಲ್ಲವೂ ಕೈಯಿಂದ ಕೈಗೆ ಓಡಿದವು. ಎಂಜಿನ್ನಿನ ನೀರ ತೊಟ್ಟಿಯ ಮೇಲೆ ನಿಂತು ಸುರಿಯುವ ಕೆಲಸ ಯಾರಿಗೂ ಬೇಡವಾಗಿತ್ತು, ಅಲ್ಲಿ ಗಾಳಿ 'ಸೊಂಯ್' ಎಂದು ಕೊಯ್ಯುತ್ತಿತ್ತು. ನೋಡುತ್ತೇನೆ, ಹಣಮಂತರಾಯರು ತಲೆಯ ಧೋತರ ಬಿಗಿ ಮಾಡಿಕೊಂಡು ಏಣಿ ಹತ್ತುತ್ತಿದ್ದಾರೆ.

"ರಾಯರ, ನೀವು ಬ್ಯಾಡ್ರಿ!"

"ಸುಮ್ನಿರ್ರಿ. ಯಾರ್ಡಿನವ ನಾನು, ನಿಮ್ಮಂಗ ಕುರ್ಚಿ ಮ್ಯಾಲೆ ಕೂತು ಗಂಟಿ ಬಾರಸಂವ ಅಲ್ಲ," ಎಂದು ಮೇಲೆ ನಿಂತು, ಗೂಡ್ಸ್ ಶೆಡ್ಡಿನ ಹಮಾಲರ ಲಯದಲ್ಲಿ ಕೂಗು ಹಾಕತೊಡಗಿದರು. ಮರಾಠಿಯ ಕೂಗು. ಹತ್ತು ನಿಮಿಷದಲ್ಲಿ ಅರ್ಥ ತಿಳಿಯದೆಯೇ ಸಾಲಿಗೆ ಸಾಲೇ ಅದಕ್ಕೆ ದನಿಗೂಡಿಸಿತು. ಆ ಮಂದಿಗೂ ಮಾತಾಡಲು ಬರುತ್ತದೆ. ಕೈಗೆ ಒಂದು ಕೆಲಸ ಬೇಕು, ಅಷ್ಟೆ.

ಅಲ್ಲೇ, ಮುಸ್ಸಂಜೆ

ಐದು ನಿಮಿಷಕ್ಕೊಮ್ಮೆ ಸೀಟಿ. ನಾಲ್ಕು ಗಂಟೆಯಾಯಿತು. ನಾಲ್ಕೂವರೆಯಾಯಿತು. ಕೈಗಳಲ್ಲಿ ಜೀವ ಉಳಿಯಲಿಲ್ಲ. ಪತ್ರಿಕೆಯವರು ಟಾಮನ ಹತ್ತಿರ ಹೋಗಿ, ತಾವೇ ಹುಡುಕಿಕೊಂಡು ಹೋಗುವುದಾಗಿ ಹೇಳಿದರು. "ಒಬ್ಬಂವ ಹೋಗ್ಯಾನ, ಸಾಕು," ಎಂದ ಟಾಮ್. ಅದು ಆ ದಿನ ನಾನು ಅವನ ಬಾಯಿಂದ ಕೇಳಿದ ಮೊದಲ ಮಾತು.

ಬೆಳಕು ಬೇಗ ಇಳಿಯಿತು. ನಾವು ಎಷ್ಟು ಸುರಿದರೂ ಬಾಯ್ಲರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಬೆರಳಿನಷ್ಟೇ ಕಾಣುತ್ತಿತ್ತು. ಹ್ಯಾರಿ ಅದನ್ನು ನೋಡಿ, "ಟಾಮ್, ಇನ್ನ ಬೆಂಕಿ ಕೆಡವಬೇಕು," ಎಂದ. ಟಾಮ್ ಗಡಿಯಾರ ನೋಡಿದ. ಸ್ವಲ್ಪ ಹೊತ್ತಿಗೆ ಹ್ಯಾರಿ ಮತ್ತೆ ಹೇಳಿದ. "ಇನ್ನೊಂದು ಊದತೀನಿ," ಎಂದ ಟಾಮ್. ಊದಿದ. ಆಮೇಲೆ ಇನ್ನೊಂದು ಊದಿದ. ಮೂರನೆಯ ಸಲ ಹ್ಯಾರಿ ಹೇಳುವುದನ್ನೇ ಬಿಟ್ಟ. ನಾನು ಎಂಜಿನ್ನಿನ ಮೆಟ್ಟಿಲ ಮೇಲೆ ನಿಂತು, ಊರಿನ ದೇವರುಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದೆ. ಆ ಗುಡ್ಡದಲ್ಲಿ ಅವರಿಗೆ ಅಧಿಕಾರ ಇತ್ತೋ ಇಲ್ಲವೋ ಗೊತ್ತಿಲ್ಲ.

ಮೊದಲು ಕಂಡದ್ದು ಹಣಮಂತರಾಯರಿಗೆ. ತೊಟ್ಟಿಯ ಮೇಲಿನಿಂದ, "ದೀಪ! ದೀಪ ಅದ ಅಲ್ಲೆ!" ಎಂದು ಕನ್ನಡದಲ್ಲಿ ಕಿರುಚಿದರು. ಯಾರಿಗೂ ತರ್ಜುಮೆ ಬೇಕಾಗಲಿಲ್ಲ. ಹಳಿಯಿಂದ ತೀರ ಬಲಕ್ಕೆ, ಬಂಡೆಯ ನೆತ್ತಿಯ ಮೇಲೆ, ಇರಬಾರದ ಕಡೆ ಒಂದು ಹಳದಿ ಚುಕ್ಕೆ ಅಲ್ಲಾಡುತ್ತಿತ್ತು. ಸೀಟಿ ಕೂಗಿದಾಗ ನಿಂತಿತು. ನಿಂತು, ನಮ್ಮ ಕಡೆ ತಿರುಗಿತು.

ನಾಲ್ಕು ಜನ ಹೋಗಿ ಅವನನ್ನು ಬಂಡೆಯಿಂದ ಇಳಿಸಿ ತಂದರು. ಮೀಸೆ, ಹುಬ್ಬು, ಟೋಪಿ ಎಲ್ಲ ಒಂದೇ ಬಿಳುಪು. ಹಿಂದಿನ ಸ್ಟೇಶನ್ನಿನ ತಂತಿ ಕಡಿದು ಬಿದ್ದಿತ್ತಂತೆ. ಅದಕ್ಕೂ ಹಿಂದಿನದಕ್ಕೆ ನಡೆದು ಹೋಗಿ ಸುದ್ದಿ ಮುಟ್ಟಿಸಿದ್ದ. ಹಿಮ ತಳ್ಳುವ ದೊಡ್ಡ ನೇಗಿಲು ಕಟ್ಟಿದ ಎರಡು ಎಂಜಿನ್‌ಗಳು ಹೊರಟಿದ್ದವು. ಇಷ್ಟನ್ನು ತನ್ನ ಮಂದಿಗೆ ಒಡೆದ ತುಟಿಯಿಂದ ವರದಿ ಒಪ್ಪಿಸಿ, ಮುದುಕಿಯ ಕೋಳಿ ಹೇಗಿದೆ ಎಂದೂ ಕೇಳಿದ. ಆಮೇಲೆ ತನ್ನ ವ್ಯಾನಿನ ಕಡೆ ಹೋಗಬೇಕಾದವನು, ಹೋಗಲಿಲ್ಲ. ಎಂಜಿನ್ನಿನ ಮೆಟ್ಟಿಲ ಹತ್ತಿರ ಬಂದ. ನಾನು ಸರಿದು ದಾರಿ ಬಿಟ್ಟೆ.

ಟಾಮ್ ತಿರುಗಿ ನೋಡಲಿಲ್ಲ. ಜನರ ಕೂಗು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ, ಇಂದಿಗೂ ನನಗೆ ತಿಳಿದಿಲ್ಲ. ಕಣ್ಣು ಗಡಿಯಾರದ ಮೇಲೆಯೇ ಇತ್ತು, ಮುಖದ ಮೇಲೆ ಕಲ್ಲಿದ್ದಲಿನ ಮಸಿ ಎರಡು ಗೆರೆಗಳಾಗಿ ತೊಳೆದುಹೋಗಿತ್ತು. ಮುಳ್ಳು ಐದು ನಿಮಿಷ ಮುಗಿಸಿದ ಕೂಡಲೇ ಅವನ ಕೈ ತಾನಾಗಿಯೇ ಸರಪಳಿಯತ್ತ ಎದ್ದಿತು. ಆಲ್ಬರ್ಟ್ ಹಿಮ ಮೆತ್ತಿದ ತನ್ನ ಕೈಯನ್ನು ಆ ಕೈಯ ಮೇಲಿಟ್ಟ.

"ಸಾಕೋ ಟಾಮ್. ನಾ ಬಂದೀನಿ."

ಟಾಮ್ ಸರಪಳಿಯನ್ನು ಬಿಡಲಿಲ್ಲ. ಹ್ಯಾರಿ ಬೆಂಕಿಯ ಬಾಗಿಲ ಕಡೆ ಮುಖ ತಿರುಗಿಸಿಕೊಂಡ.

"ಮೂರಕ್ಕ ಬರ್ತೀನಿ ಅಂದಿದ್ಯಲ್ಲೋ," ಎಂದ ಟಾಮ್.